ಆಡದೆ ಉಳಿದ ಪುಸ್ತಕಗಳು

1974ರ ಜನವರಿಯಲ್ಲಿ ಅಮೆರಿಕದ ವಿಸ್ಕಾನ್ಸಿನ್ ರಾಜ್ಯದ ಲೇಕ್ ಜಿನೀವಾ ಎಂಬ ಸಣ್ಣ ಊರಿನಿಂದ ಒಂದು ರಟ್ಟಿನ ಪೆಟ್ಟಿಗೆ ಮಾರಾಟಕ್ಕೆ ಬಂತು. ಹೊರಗೆ ಮರದ ಹಲಗೆಯಂತೆ ಕಾಣುವ ಕಂದು ಕಾಗದ, ಅದರ ಮೇಲೆ ಅಂಟಿಸಿದ ಒಂದು ಚೀಟಿ. ಒಳಗೆ ಪಿನ್ನು ಹೊಡೆದ ಮೂರು ತೆಳ್ಳನೆಯ ಪುಸ್ತಿಕೆಗಳು, ಜೊತೆಗೆ ಕೆಲವು ಬಿಡಿ ಹಾಳೆಗಳು. ಬೆಲೆ 10 ಡಾಲರ್. ಅಚ್ಚಾದದ್ದು 1000 ಪ್ರತಿ. ಗ್ಯಾರಿ ಗೈಗ್ಯಾಕ್ಸ್ ಮತ್ತು ಡೇವ್ ಆರ್ನೆಸನ್ ಸೇರಿ ಕಟ್ಟಿದ ಈ ಆಟದ ಹೆಸರು 'ಡಂಜನ್ಸ್ ಅಂಡ್ ಡ್ರ್ಯಾಗನ್ಸ್'. ಅದನ್ನು ಪ್ರಕಟಿಸುವುದಕ್ಕೆಂದೇ ಗೈಗ್ಯಾಕ್ಸ್ ತಮ್ಮ ಗೆಳೆಯ ಡಾನ್ ಕೇ ಜೊತೆ ಟ್ಯಾಕ್ಟಿಕಲ್ ಸ್ಟಡೀಸ್ ರೂಲ್ಸ್, ಅಂದರೆ ಟಿಎಸ್‌ಆರ್ ಎಂಬ ಕಂಪನಿ ತೆರೆದಿದ್ದರು. ದುಡ್ಡು ಸಾಲದೆ ಬ್ರಯಾನ್ ಬ್ಲೂಮ್ ಎಂಬ ಇನ್ನೊಬ್ಬರನ್ನು ಪಾಲುದಾರರನ್ನಾಗಿ ಮಾಡಿಕೊಂಡರು. ಕಾರ್ಖಾನೆಯೇನೂ ಇರಲಿಲ್ಲ. ಪುಸ್ತಿಕೆಗಳನ್ನು ಜೋಡಿಸಿ ಪೆಟ್ಟಿಗೆಗೆ ತುಂಬುವ ಕೆಲಸವನ್ನೆಲ್ಲ ಮನೆಯಲ್ಲಿ ಕುಳಿತು ಕೈಯಲ್ಲೇ ಮಾಡಿದರು.

ಆ ಸಾವಿರ ಪೆಟ್ಟಿಗೆಗಳು ಸುಮಾರು ಒಂದು ವರ್ಷದಲ್ಲಿ ಖಾಲಿಯಾದವು. ಇಂದು ಅವುಗಳಲ್ಲಿ ಒಂದು ಸುಸ್ಥಿತಿಯಲ್ಲಿ ಹರಾಜಿಗೆ ಬಂದರೆ ಸಾವಿರಾರು ಡಾಲರ್‌ಗೆ ಹೋಗುತ್ತದೆ. ಸುಸ್ಥಿತಿ ಎಂದರೆ ಏನು? ಪೆಟ್ಟಿಗೆಯ ಮೂಲೆ ಹರಿದಿರಬಾರದು, ಪುಸ್ತಿಕೆಯ ಪಿನ್ನು ತುಕ್ಕು ಹಿಡಿದಿರಬಾರದು, ಬಿಡಿ ಹಾಳೆಗಳು ಕಳೆದಿರಬಾರದು, ಯಾರೂ ಪೆನ್ಸಿಲ್ಲಿನಲ್ಲಿ ಏನೂ ಬರೆದಿರಬಾರದು. ಒಂದೇ ಮಾತಿನಲ್ಲಿ ಹೇಳುವುದಾದರೆ, ಆ ಆಟವನ್ನು ಯಾರೂ ಆಡಿರಬಾರದು. ಈ ವಿಚಿತ್ರ ನನ್ನನ್ನು ಕೆಲವು ವರ್ಷಗಳಿಂದ ಕಾಡುತ್ತಿದೆ. ಆಡುವುದಕ್ಕೆಂದು ಅಚ್ಚಾದ ಪುಸ್ತಕಗಳಲ್ಲಿ ನಮಗೆ ದಕ್ಕುತ್ತಿರುವುದು ಆಡದೆ ಬಿಟ್ಟವು.

ಇದು ಎಂಥ ಆಟ ಎಂದು ಗೊತ್ತಿಲ್ಲದವರಿಗೆ ಎರಡು ಮಾತು. ನಾಲ್ಕೈದು ಜನ ಒಂದು ಮೇಜಿನ ಸುತ್ತ ಕೂರುತ್ತಾರೆ. ಒಬ್ಬರು ಕಥೆ ನಡೆಸುವವರು. ಅವರನ್ನು ಡಂಜನ್ ಮಾಸ್ಟರ್ ಎನ್ನುತ್ತಾರೆ. ಉಳಿದವರು ತಲಾ ಒಂದು ಪಾತ್ರ ವಹಿಸುತ್ತಾರೆ: ಒಬ್ಬ ಯೋಧ, ಒಬ್ಬ ಮಾಂತ್ರಿಕ, ಒಬ್ಬ ಕಳ್ಳ. "ನಿಮ್ಮ ಮುಂದೆ ಒಂದು ಕಬ್ಬಿಣದ ಬಾಗಿಲಿದೆ, ಒಳಗಿನಿಂದ ಏನೋ ಸದ್ದು ಬರುತ್ತಿದೆ, ಏನು ಮಾಡುತ್ತೀರಿ?" ಎಂದು ಮಾಸ್ಟರ್ ಕೇಳುತ್ತಾರೆ. ಆಟಗಾರರು ತಮ್ಮ ಪಾತ್ರವಾಗಿ ಉತ್ತರ ಕೊಡುತ್ತಾರೆ, ಬೇಕಾದ ಕಡೆ ದಾಳ ಉರುಳಿಸುತ್ತಾರೆ. ದಾಳಕ್ಕೆ ಆರೇ ಮುಖ ಇರಬೇಕೆಂದಿಲ್ಲ, ಇಪ್ಪತ್ತು ಮುಖದ್ದೂ ಇದೆ. ಸೋಲು ಗೆಲುವು ಎಂಬುದು ಸ್ಪಷ್ಟವಾಗಿ ಇರುವುದಿಲ್ಲ, ಆಟ ವರ್ಷಗಟ್ಟಲೆ ಮುಂದುವರಿಯಬಹುದು. ಪುಸ್ತಕದಲ್ಲಿ ಇರುವುದು ನಿಯಮ, ಕೋಷ್ಟಕ, ನಕ್ಷೆ, ರಾಕ್ಷಸರ ವಿವರ. ಮೇಜಿನ ಸುತ್ತ ಹುಟ್ಟಿದ ಕಥೆ ಯಾವ ಪುಸ್ತಕದಲ್ಲೂ ಇಲ್ಲ.

ಕನ್ನಡದವರಿಗೆ ಇದು ಹೊಸದಾಗಿ ಕಾಣಬೇಕಿಲ್ಲ. ತಾಳಮದ್ದಳೆಯಲ್ಲಿ ವೇಷವಿಲ್ಲ, ಕುಣಿತವಿಲ್ಲ. ಭಾಗವತರು ಪದ್ಯ ಹಾಡುತ್ತಾರೆ, ಅರ್ಥಧಾರಿಗಳು ಎದುರುಬದುರು ಕುಳಿತು ಪಾತ್ರವಾಗಿ ಮಾತಾಡುತ್ತಾರೆ. ಆ ಮಾತು ಅಲ್ಲಿಯೇ ಹುಟ್ಟುವಂಥದ್ದು. ಪ್ರಸಂಗದ ಪುಸ್ತಕದಲ್ಲಿ ಪದ್ಯ ಇರುತ್ತದೆ, ಅರ್ಥ ಇರುವುದಿಲ್ಲ. ಶೇಣಿ ಗೋಪಾಲಕೃಷ್ಣ ಭಟ್ಟರ ವಾಲಿ ಹೇಗಿದ್ದ ಎಂದು ತಿಳಿಯಬೇಕಾದರೆ ಅಚ್ಚಾದ ಪ್ರಸಂಗ ತೆರೆದರೆ ಸಿಗುವುದಿಲ್ಲ, ಕ್ಯಾಸೆಟ್ಟಿನಲ್ಲಿ ಹಿಡಿದಿಟ್ಟದ್ದನ್ನು ಹುಡುಕಬೇಕು, ಇಲ್ಲವೇ ಕೇಳಿದವರನ್ನು ಕೇಳಬೇಕು. ನನ್ನ ಪಿಎಚ್‌ಡಿ ವಿಷಯ ಯಕ್ಷಗಾನ ಪ್ರಸಂಗಗಳ ಮುದ್ರಣದ ಚರಿತ್ರೆಯಾದ್ದರಿಂದ ಈ ತೊಂದರೆ ನನಗೆ ದಿನಾ ಎದುರಾಗುವಂಥದ್ದು. ಗ್ರಂಥಾಲಯದಲ್ಲಿ ಚೊಕ್ಕಟವಾಗಿ ಉಳಿದಿರುವ ಪ್ರತಿ ನನಗೆ ಅಚ್ಚಿನ ವರ್ಷ, ಪ್ರೆಸ್ಸಿನ ಹೆಸರು ಹೇಳುತ್ತದೆ. ಭಾಗವತರೊಬ್ಬರ ಮನೆಯ ಹರಕು ಪ್ರತಿ, ಪದ್ಯದ ಪಕ್ಕದಲ್ಲಿ ರಾಗ ತಾಳ ತಿದ್ದಿ ಬರೆದದ್ದು, ನಾಲ್ಕು ಪದ್ಯಕ್ಕೆ ಅಡ್ಡಗೆರೆ ಎಳೆದದ್ದು, ಆಟ ಹೇಗೆ ನಡೆಯಿತು ಎಂದು ಹೇಳುತ್ತದೆ. ಆದರೆ ಹರಕು ಪ್ರತಿಯನ್ನು ಯಾರೂ ಎತ್ತಿಡುವುದಿಲ್ಲ. ಹೊಸ ಪ್ರತಿ ಬಂದ ದಿನ ಅದು ಅಟ್ಟಕ್ಕೆ ಹೋಗುತ್ತದೆ, ಮುಂದಿನದನ್ನು ಗೆದ್ದಲು ನೋಡಿಕೊಳ್ಳುತ್ತದೆ.

ಡಂಜನ್ಸ್ ಅಂಡ್ ಡ್ರ್ಯಾಗನ್ಸ್‌ನ ಪುಸ್ತಕಗಳೂ ಹೀಗೆಯೇ ಆಡಿ ಆಡಿ ಸತ್ತವು. ಸಾಹಸವೊಂದರ ನಕ್ಷೆ, ವಿವರಗಳಿರುವ ತೆಳು ಪುಸ್ತಿಕೆಯನ್ನು ಆಟಗಾರರು ಮಾಡ್ಯೂಲ್ ಎನ್ನುತ್ತಾರೆ. ಅದರ ರಕ್ಷಾಪುಟ ಒಳಗಿನ ಪುಟಗಳಿಂದ ಬೇರೆಯಾಗಿ ಬರುತ್ತಿತ್ತು; ಅದರ ಒಳಬದಿಯಲ್ಲೇ ನಕ್ಷೆ. ಆಟ ನಡೆಸುವಾಗ ಮಾಸ್ಟರ್ ಅದನ್ನು ಅಡ್ಡಗೋಡೆಯಂತೆ ಮುಂದೆ ನಿಲ್ಲಿಸಿಕೊಳ್ಳುತ್ತಿದ್ದರು. ಹತ್ತು ಸಲ ನಿಲ್ಲಿಸಿದರೆ ಮಡಿಕೆ ಸೀಳುತ್ತದೆ. ಮೊದಲ ಪೆಟ್ಟಿಗೆಯ ಬಿಡಿ ಹಾಳೆಗಳು ಇದ್ದದ್ದೇ ಮೇಜಿನ ಮೇಲೆ ಹರಡಿಕೊಳ್ಳುವುದಕ್ಕೆ. ಮೊದಲು ಕಳೆದುಹೋದದ್ದೂ ಅವೇ. 1985ರಲ್ಲಿ ಬಂದ 'ಅನ್‌ಅರ್ತ್ಡ್ ಅರ್ಕೇನಾ' ಎಂಬ ದಪ್ಪ ರಟ್ಟಿನ ಪುಸ್ತಕವಂತೂ ಬೈಂಡಿಂಗ್‌ನಿಂದಲೇ ಕುಖ್ಯಾತ. ನಾಲ್ಕು ಸಲ ತೆರೆದರೆ ಪುಟಗಳು ಕಂತೆಕಂತೆಯಾಗಿ ಕೈಗೆ ಬರುತ್ತಿದ್ದವು. ಇಂದು ಅದರ ಗಟ್ಟಿಯಾದ ಪ್ರತಿ ಸಿಕ್ಕರೆ, ಅದನ್ನು ಕೊಂಡವರು ಓದಲಿಲ್ಲ ಎಂದೇ ಅರ್ಥ.

ಬೆಂಗಳೂರಿನ ಚರ್ಚ್ ಸ್ಟ್ರೀಟಿನ ಹಳೆ ಪುಸ್ತಕದ ಅಂಗಡಿಯೊಂದರಲ್ಲಿ ನನಗೆ ಈ ಆಟದ 1989ರ ಎರಡನೇ ಆವೃತ್ತಿಯ 'ಪ್ಲೇಯರ್ಸ್ ಹ್ಯಾಂಡ್‌ಬುಕ್' ಸಿಕ್ಕಿತ್ತು. ಬೆನ್ನು ಬಿಟ್ಟಿದೆ, ಎರಡು ಬಣ್ಣದ ಚಿತ್ರಪುಟಗಳಿಲ್ಲ. ಸಂಗ್ರಹಕಾರರ ಲೆಕ್ಕದಲ್ಲಿ ಅದಕ್ಕೆ ಕಾಸಿನ ಬೆಲೆಯಿಲ್ಲ. ಆದರೆ ಒಳಗೆ ಮಡಚಿಟ್ಟ ಒಂದು ರೂಲ್ಡ್ ಹಾಳೆ ಇತ್ತು. ಯಾರೋ ಕೈಯಲ್ಲಿ ಗೆರೆ ಎಳೆದು ಮಾಡಿಕೊಂಡ ಪಾತ್ರದ ಹಾಳೆ: ಶಕ್ತಿ, ಬುದ್ಧಿ, ಚುರುಕು, ಬಳಿ ಇರುವ ಹಗ್ಗ ಎಷ್ಟು ಅಡಿ, ಪಂಜು ಎಷ್ಟು. ಹಿಟ್ ಪಾಯಿಂಟ್, ಅಂದರೆ ಜೀವ ಎಷ್ಟು ಉಳಿದಿದೆ ಎಂದು ಬರೆದುಕೊಳ್ಳುವ ಚೌಕದಲ್ಲಿ ರಬ್ಬರಿನಿಂದ ಉಜ್ಜಿ ಉಜ್ಜಿ ಕಾಗದ ತೂತಾಗಿದೆ. ಕೊನೆಗೆ ತೂತಿನ ಪಕ್ಕದಲ್ಲಿ ಬಾಲ್‌ಪೆನ್ನಿನಲ್ಲಿ 3 ಎಂದು ಬರೆದಿದೆ. ಆಮೇಲೇನಾಯಿತೋ. ಈ ಆಟದ ಚರಿತ್ರೆಯ ಬಗ್ಗೆ ನಾನು ಓದಿದ ಎಷ್ಟೋ ಪುಟಗಳಿಗಿಂತ ಆ ತೂತು ನನಗೆ ಹೆಚ್ಚು ಹೇಳಿದೆ.

ಹಾಗೆಂದು ಸಂಗ್ರಹಕಾರರನ್ನು ಹಗುರವಾಗಿ ಕಾಣುವವನಲ್ಲ ನಾನು. ವಿಶ್ವವಿದ್ಯಾಲಯಗಳು ಈ ಪುಸ್ತಕಗಳನ್ನು ಮಕ್ಕಳ ಆಟಿಕೆ ಎಂದು ಕಡೆಗಣಿಸಿದ್ದ ದಶಕಗಳಲ್ಲಿ ಗ್ರಂಥಸಂಪಾದನೆಯ ಶಿಸ್ತಿನಲ್ಲಿ ಅವುಗಳ ಪಾಠಾಂತರ ಗುರುತಿಸಿದವರು ಅವರು. ಮೊದಲ ಪೆಟ್ಟಿಗೆಯ ಪುಸ್ತಿಕೆಗಳಲ್ಲಿ 'ಹಾಬಿಟ್' ಎಂಬ ಪದ ಧಾರಾಳವಾಗಿತ್ತು. ಅದು ಟೋಲ್ಕಿನ್ ಅವರ ಕಾದಂಬರಿಗಳಿಂದ ಬಂದದ್ದು. ಹಕ್ಕುದಾರರು ತಗಾದೆ ತೆಗೆದ ಮೇಲೆ 1970ರ ದಶಕದ ಕೊನೆಯ ಮುದ್ರಣಗಳಲ್ಲಿ ಹಾಬಿಟ್ ಹೋಗಿ 'ಹಾಫ್ಲಿಂಗ್' ಬಂತು, 'ಬಾಲ್‌ರಾಗ್' ಮಾಯವಾಯಿತು. ಕಂದು ಪೆಟ್ಟಿಗೆ ಅಷ್ಟರಲ್ಲಿ ಬಿಳಿ ಪೆಟ್ಟಿಗೆಯಾಗಿತ್ತು. ಯಾವ ಮುದ್ರಣದಲ್ಲಿ ಯಾವ ಪದ, ಪೆಟ್ಟಿಗೆಯ ಮೇಲೆ ಯಾವ ವಿಳಾಸ, ಯಾವ ಅಚ್ಚಿನ ತಪ್ಪು ಯಾವಾಗ ಸರಿಹೋಯಿತು ಎಂಬುದನ್ನೆಲ್ಲ ಪ್ರತಿ ಪ್ರತಿ ಹೋಲಿಸಿ ಪಟ್ಟಿ ಮಾಡಿದವರು ಸಂಬಳವಿಲ್ಲದ ಆಸಕ್ತರು. ದುಡ್ಡಿನ ಲೆಕ್ಕಾಚಾರ ಅದರ ಹಿಂದೆ ಇತ್ತು, ನಿಜ. ಮೊದಲ ಮುದ್ರಣವೆಂದು ರುಜುವಾತಾದರೆ ಬೆಲೆ ಏರುತ್ತದೆ. ಆದರೆ ಲೋಭದಿಂದ ಹುಟ್ಟಿದ ಪಟ್ಟಿಯೂ ಪಟ್ಟಿಯೇ.

ಈ ಪಟ್ಟಿಗಳಲ್ಲಿ ಅತ್ಯಂತ ಪ್ರಸಿದ್ಧವಾದದ್ದು 1980ರ 'ಡೀಟೀಸ್ ಅಂಡ್ ಡೆಮಿಗಾಡ್ಸ್'ನ ಕಥೆ. ಜಗತ್ತಿನ ಪುರಾಣಗಳ ದೇವದೇವತೆಗಳನ್ನೆಲ್ಲ ಆಟದ ಲೆಕ್ಕಕ್ಕೆ ತಂದ ಪುಸ್ತಕ ಅದು. ಅದರಲ್ಲಿ ಭಾರತದ್ದೂ ಒಂದು ಅಧ್ಯಾಯ: ಇಂದ್ರ, ಅಗ್ನಿ, ವರುಣ, ಕಾಳಿ ಎಲ್ಲರಿಗೂ ಇಷ್ಟಿಷ್ಟು ಹಿಟ್ ಪಾಯಿಂಟ್. ಇಂದ್ರನ ಜೀವಕ್ಕೆ ಅಂಕಿ ಕೊಟ್ಟರೆ ಅದು ಮುಗಿಯಲೂಬಹುದು ಎಂದಾಯಿತಲ್ಲ! ನಮ್ಮ ಪ್ರಸಂಗಗಳಲ್ಲಿ ಇಂದ್ರ ಎಷ್ಟು ಸಲ ಸೋತು ಅಮರಾವತಿ ಬಿಟ್ಟು ಓಡಿದ್ದಾನೆ ಎಂದು ಬಲ್ಲವರಿಗೆ ಇದೇನೂ ವಿಪರೀತ ಅನಿಸುವುದಿಲ್ಲ. ಸಂಗ್ರಹಕಾರರಿಗೆ ಬೇಕಾದದ್ದು ಬೇರೆ ಎರಡು ಅಧ್ಯಾಯ. ಎಚ್.ಪಿ. ಲವ್‌ಕ್ರಾಫ್ಟ್ ಹುಟ್ಟಿಸಿದ ಕಥುಲು ಪುರಾಣ, ಮೈಕಲ್ ಮೂರ್‌ಕಾಕ್ ಅವರ ಮೆಲ್ನಿಬೊನೆಯ ಲೋಕ ಇವೆರಡೂ ಮೊದಲ ಮುದ್ರಣಗಳಲ್ಲಿ ಇದ್ದವು. ಆ ಲೋಕಗಳ ಆಟದ ಹಕ್ಕು ಕೇಯೋಸಿಯಂ ಎಂಬ ಇನ್ನೊಂದು ಕಂಪನಿಯ ಬಳಿ ಇತ್ತು. ಟಿಎಸ್‌ಆರ್ ಮೊದಲು ಆ ಕಂಪನಿಗೆ ಕೃತಜ್ಞತೆ ಅಚ್ಚು ಹಾಕಿತು, ಆಮೇಲೆ ಎರಡೂ ಅಧ್ಯಾಯಗಳನ್ನೇ ಕಿತ್ತುಹಾಕಿತು. 144 ಪುಟದ ಪುಸ್ತಕ 128 ಪುಟವಾಯಿತು. ಆ 16 ಪುಟಗಳಿಗಾಗಿ ಜನ ಇಂದಿಗೂ ಹೆಚ್ಚು ದುಡ್ಡು ಕೊಡುತ್ತಾರೆ.

ಇನ್ನೊಂದು ಪ್ರಕರಣ ಇದಕ್ಕಿಂತ ಗಂಭೀರ. ಟಿಎಸ್‌ಆರ್‌ನಲ್ಲಿ ಆಟ ರಚಿಸುವ ಕೆಲಸಕ್ಕೆ ಸೇರಿದ ಮೊದಲ ಮಹಿಳೆ ಜೀನ್ ವೆಲ್ಸ್. ಅವರು ಬರೆದ 'ಪ್ಯಾಲೇಸ್ ಆಫ್ ದಿ ಸಿಲ್ವರ್ ಪ್ರಿನ್ಸೆಸ್' ಎಂಬ ಮಾಡ್ಯೂಲ್ 1981ರಲ್ಲಿ ಕಿತ್ತಳೆ ಬಣ್ಣದ ರಕ್ಷಾಪುಟದಲ್ಲಿ ಅಚ್ಚಾಗಿ ಬಂತು. ಬಂದ ಮೇಲೆ ಮೇಲಿನವರು ಪುಟ ತಿರುಗಿಸಿದರು. ಹೊಸದಾಗಿ ಆಟ ಕಲಿಯುವ ಮಕ್ಕಳಿಗೆಂದು ಮಾಡಿದ ಪುಸ್ತಿಕೆಯಲ್ಲಿ ಕಟ್ಟಿಹಾಕಿದ ಹೆಣ್ಣಿನ ಚಿತ್ರವಿದ್ದದ್ದು ಅವರಿಗೆ ಸರಿಬರಲಿಲ್ಲ. ಕೂಡಲೇ ಮಾರಾಟ ನಿಲ್ಲಿಸಿ ಪ್ರತಿಗಳನ್ನು ಹಿಂದಕ್ಕೆ ತರಿಸಿ ನಾಶಮಾಡಿದರು. ಟಾಮ್ ಮೋಲ್ಡ್‌ವೇ ಅದನ್ನು ತಿದ್ದಿ ಬಹುಪಾಲು ಹೊಸದಾಗಿಯೇ ಬರೆದರು. ಹಸಿರು ರಕ್ಷಾಪುಟದಲ್ಲಿ, ಇಬ್ಬರ ಹೆಸರಿನಲ್ಲೂ, ಮತ್ತೆ ಬಂತು. ವೆಲ್ಸ್ ಬರೆದಿದ್ದ ಪಾಠ ಆ ಹಸಿರು ಪುಸ್ತಿಕೆಯಲ್ಲಿ ಇಲ್ಲವೆಂದೇ ಹೇಳಬಹುದು.

ಕಂಪನಿಯವರು ಅಂದುಕೊಂಡಂತೆ ಆಗಿದ್ದರೆ ಆ ಕೃತಿಯ ಬಗ್ಗೆ ನಮಗೆ ಗೊತ್ತಿರುತ್ತಿದ್ದದ್ದು ಒಂದು ವದಂತಿ ಮಾತ್ರ. ಆದರೆ ಕೆಲಸಗಾರರ ಕೈಗೆ ಆಗಲೇ ಹೋಗಿದ್ದ ಕೆಲವು ಪ್ರತಿಗಳು ಉಳಿದವು. ಅವರು ಅದನ್ನು ಇಟ್ಟುಕೊಂಡದ್ದು ಮಹಿಳಾ ಸಾಹಿತ್ಯ ಚರಿತ್ರೆಯ ಕಾಳಜಿಯಿಂದೇನಲ್ಲ. ನಿಷಿದ್ಧವಾದದ್ದು ಕೈಯಲ್ಲಿರಲಿ ಎಂಬ ಸಹಜ ಆಸೆಯಿಂದ. ಆ ಕಿತ್ತಳೆ ಪ್ರತಿಗಳು ಕೈಯಿಂದ ಕೈಗೆ ಹೋದವು, ಬೆಲೆ ಏರಿತು, ದಂತಕಥೆ ಬೆಳೆಯಿತು. ಕೊನೆಗೆ ಆಟದ ಹಕ್ಕು ಕೊಂಡ ಹೊಸ ಕಂಪನಿಯೇ ಮೂಲ ಪಾಠವನ್ನು ಉಚಿತವಾಗಿ ಓದಲು ಬಿಟ್ಟಿತು. ವೆಲ್ಸ್ 2012ರಲ್ಲಿ ತೀರಿಕೊಂಡರು. ಅವರ ಬರವಣಿಗೆ ಒಳ್ಳೆಯದೇ ಎಂದು ಕೇಳಿದರೆ, ಅರ್ಧಂಬರ್ಧ. ಎಷ್ಟೋ ಕೋಣೆಗಳನ್ನು ಆಟಗಾರರೇ ತುಂಬಿಕೊಳ್ಳಲಿ ಎಂದು ಖಾಲಿ ಬಿಟ್ಟಿದ್ದಾರೆ. ಆ ಖಾಲಿ ಕೋಣೆಗಳೇ ನನಗೆ ಇಷ್ಟ. ಅವನ್ನು ನೋಡುವ ಅವಕಾಶ ಸಿಕ್ಕಿದ್ದು ಪುಸ್ತಕ ಬಚ್ಚಿಟ್ಟವರಿಂದ.

1980ರ ದಶಕದ ಅಮೆರಿಕದಲ್ಲಿ ಬಚ್ಚಿಡುವುದಕ್ಕೆ ಬೇರೆ ಕಾರಣವೂ ಇತ್ತು. ಈ ಆಟ ಮಕ್ಕಳಿಗೆ ಸೈತಾನನ ಪೂಜೆ ಕಲಿಸುತ್ತದೆ ಎಂದು ಕೆಲವು ಕ್ರೈಸ್ತ ಸಂಘಟನೆಗಳು ಹುಯಿಲೆಬ್ಬಿಸಿದವು. 1983ರಲ್ಲಿ ಪೆಟ್ರೀಷಿಯಾ ಪುಲ್ಲಿಂಗ್ ಎಂಬ ತಾಯಿ, ತಮ್ಮ ಮಗನ ಆತ್ಮಹತ್ಯೆಗೆ ಈ ಆಟವೇ ಕಾರಣವೆಂದು ನಂಬಿ, ಇದರ ವಿರುದ್ಧ ಒಂದು ಸಂಘಟನೆಯನ್ನೇ ಕಟ್ಟಿದರು. ಎಷ್ಟೋ ಮನೆಗಳಲ್ಲಿ ಪುಸ್ತಕಗಳು ಕಸದ ಬುಟ್ಟಿಗೆ ಹೋದವು, ಕೆಲವು ಬೆಂಕಿಗೆ. ಕಂಪನಿಯೂ ಹೆದರಿತು. 1985ರಲ್ಲಿ ದೇವತೆಗಳ ಪುಸ್ತಕದ ಹೆಸರು 'ಲೆಜೆಂಡ್ಸ್ ಅಂಡ್ ಲೋರ್' ಎಂದಾಯಿತು. 1989ರ ಆವೃತ್ತಿಯಲ್ಲಿ 'ಡೆಮನ್', 'ಡೆವಿಲ್' ಎಂಬ ಹೆಸರುಗಳನ್ನೇ ಬಿಟ್ಟರು. ಇಂದು ನಡುವಯಸ್ಸು ದಾಟಿದ ಅನೇಕರು ಸಾವಿರಾರು ಡಾಲರ್ ಕೊಟ್ಟು ಈ ಪುಸ್ತಕಗಳನ್ನು ಕೊಳ್ಳುತ್ತಿರುವುದರ ಹಿಂದೆ, ಹದಿಮೂರನೇ ವಯಸ್ಸಿನಲ್ಲಿ ಮನೆಯವರು ಎಸೆದದ್ದನ್ನು ಮರಳಿ ಪಡೆಯುವ ಹಟವೂ ಇದೆ. ಅದನ್ನು ಬರೀ ವ್ಯಾಮೋಹ ಎನ್ನಲು ನನಗೆ ಮನಸ್ಸು ಬಾರದು.

ಕೊಳ್ಳುವ ಇನ್ನೊಂದು ಬಗೆಯವರಿದ್ದಾರೆ. ಆಡಲು ಜೊತೆ ಸಿಗದವರು. ಈ ಆಟಕ್ಕೆ ನಾಲ್ಕು ಜನ ಬೇಕು, ನಾಲ್ಕು ಗಂಟೆ ಬೇಕು, ಮುಂದಿನ ವಾರ ಅದೇ ನಾಲ್ವರು ಮತ್ತೆ ಬರಬೇಕು. ಹೈಸ್ಕೂಲು ಮುಗಿದ ಮೇಲೆ ಇದು ಯಾರಿಗೆ ಒದಗುತ್ತದೆ? ಆಗ ಪುಸ್ತಕ ಕೊಳ್ಳುವುದೇ ಆಟಕ್ಕೆ ಬದಲಿಯಾಗುತ್ತದೆ. ನಕ್ಷೆ ನೋಡುತ್ತಾ, ಕೋಷ್ಟಕ ಓದುತ್ತಾ, ಎಂದೋ ಒಂದು ದಿನ ಆಡೋಣ ಎಂದು ಕಪಾಟಿಗೆ ಸೇರಿಸುತ್ತಾರೆ. ಈ ಪುಸ್ತಕಗಳನ್ನು ಕಾದಂಬರಿಯಂತೆ ಒಬ್ಬರೇ ಕುಳಿತು ಓದುವವರು ಎಷ್ಟಿದ್ದಾರೆಂದು ಪ್ರಕಾಶಕರಿಗೂ ಗೊತ್ತು. ಅದಕ್ಕೇ ಬರಬರುತ್ತಾ ಪುಸ್ತಕಗಳಲ್ಲಿ ನಿಯಮಕ್ಕಿಂತ ಲೋಕದ ವರ್ಣನೆ ಹೆಚ್ಚಾಯಿತು. ನನ್ನ ಲ್ಯಾಪ್‌ಟಾಪಿನಲ್ಲೂ ನಾನು ಆಡಿದ ದಿನಗಳಿಗಿಂತ ಓದಿದ ಪಿಡಿಎಫ್‌ಗಳೇ ಜಾಸ್ತಿ.

ಪಿಡಿಎಫ್ ಎಂದ ಕೂಡಲೇ ಎಲ್ಲವೂ ಉಳಿದಂತೆ ಎಂದು ನಂಬುವ ಕಾಲ ಇದು. 1997ರಲ್ಲಿ ಟಿಎಸ್‌ಆರ್ ಅನ್ನು ವಿಝರ್ಡ್ಸ್ ಆಫ್ ದಿ ಕೋಸ್ಟ್ ಕೊಂಡುಕೊಂಡಿತು. ಮುಂದೆ ಹಳೆಯ ಪುಸ್ತಕಗಳ ಸ್ಕ್ಯಾನ್ ಪ್ರತಿಗಳು ಕಾನೂನುಬದ್ಧವಾಗಿ ಮಾರಾಟಕ್ಕೆ ಬಂದವು. 2009ರ ಏಪ್ರಿಲ್‌ನಲ್ಲಿ ಒಂದು ದಿನ, ಕಳ್ಳಪ್ರತಿಗಳ ಕಾರಣ ಹೇಳಿ, ಕಂಪನಿ ಎಲ್ಲ ಪಿಡಿಎಫ್ ಮಾರಾಟವನ್ನೂ ನಿಲ್ಲಿಸಿತು. ಆಗಲೇ ದುಡ್ಡು ಕೊಟ್ಟವರಿಗೂ ಮತ್ತೆ ಇಳಿಸಿಕೊಳ್ಳುವ ದಾರಿ ಮುಚ್ಚಿತು. ಅವು ಮತ್ತೆ ಬಂದದ್ದು 2013ರಲ್ಲಿ. ನಡುವಿನ ಆ ಸುಮಾರು ನಾಲ್ಕು ವರ್ಷ, 1970ರ ದಶಕದ ಪುಸ್ತಿಕೆಯೊಂದನ್ನು ನ್ಯಾಯವಾಗಿ ಓದಬೇಕಾದರೆ ಹಳೆಯ ಕಾಗದದ ಪ್ರತಿಯೇ ಗತಿಯಾಗಿತ್ತು. ಅದು ಯಾರ ಬಳಿ ಇತ್ತು? ಸಂಗ್ರಹಕಾರರ ಬಳಿ.

ಕಾಗದ ಇದೆ, ಆದರೆ ತೆರೆಯುವಂತಿಲ್ಲ ಎಂಬ ಸ್ಥಿತಿಯೂ ಉಂಟು. ಮಾರುಕಟ್ಟೆಯಲ್ಲಿ ಎಲ್ಲಕ್ಕಿಂತ ಹೆಚ್ಚು ಬೆಲೆ ಅಂಗಡಿಯ ಪ್ಲಾಸ್ಟಿಕ್ ಹೊದಿಕೆ ಬಿಚ್ಚದ ಪ್ರತಿಗೆ. ಬಿಚ್ಚಿದ ಕ್ಷಣ ಬೆಲೆ ಇಳಿಯುತ್ತದೆ. ಹಾಗಾಗಿ ಅದು ಯಾವ ಮುದ್ರಣ, ಒಳಗೆ ಎಲ್ಲ ಹಾಳೆಗಳಿವೆಯೇ ಎಂದು ಒಡೆಯರಿಗೂ ಖಚಿತವಿರುವುದಿಲ್ಲ. ತಮಾಷೆಯೆಂದರೆ ಆ ಪ್ಲಾಸ್ಟಿಕ್ ಕಾಲ ಕಳೆದಂತೆ ಇನ್ನಷ್ಟು ಬಿಗಿದುಕೊಂಡು ಪೆಟ್ಟಿಗೆಯನ್ನು ಸೊಟ್ಟ ಮಾಡುತ್ತದೆ. ಕಾಪಾಡಲೆಂದು ಬಿಟ್ಟದ್ದೇ ಕೆಡಿಸುವ ಕೆಲಸ ಮಾಡುತ್ತದೆ.

ಇನ್ನು ಸಂಗ್ರಹಕಾರರು ಹೋದ ಮೇಲಿನ ಕಥೆ. ಸಿಡ್ ಸ್ಯಾಕ್ಸನ್ ಎಂಬವರು ನ್ಯೂಯಾರ್ಕಿನಲ್ಲಿದ್ದರು. 'ಅಕ್ವೈರ್' ಎಂಬ ಪ್ರಸಿದ್ಧ ಬೋರ್ಡ್ ಆಟದ ಕರ್ತೃ. ಅವರದು ಪಾತ್ರ ವಹಿಸುವ ಆಟಗಳ ಲೋಕವಲ್ಲ, ಆದರೆ ಮೇಜಿನ ಆಟಗಳನ್ನು ಕೂಡಿಡುವುದರಲ್ಲಿ ಅವರನ್ನು ಮೀರಿಸಿದವರಿಲ್ಲ ಎನ್ನುತ್ತಾರೆ. ಮನೆಯ ಗೋಡೆ ಗೋಡೆಗೂ ಆಟಗಳು, ಒಟ್ಟು ಸುಮಾರು 18 ಸಾವಿರ ಎಂಬ ಮಾತಿದೆ. ಅವರು 2002ರಲ್ಲಿ ತೀರಿಕೊಂಡರು. ಸಂಗ್ರಹ ಇಡಿಯಾಗಿ ಎಲ್ಲೂ ಸೇರಲಿಲ್ಲ, ಹರಾಜಿನಲ್ಲಿ ಚೆಲ್ಲಾಪಿಲ್ಲಿಯಾಯಿತು. ಆದರೆ ಅವರು ದಿನದಿನವೂ ಬರೆದಿಟ್ಟ ಡೈರಿಗಳು ರೋಚೆಸ್ಟರ್ ನಗರದ ಸ್ಟ್ರಾಂಗ್ ಆಟದ ವಸ್ತುಸಂಗ್ರಹಾಲಯಕ್ಕೆ ಸೇರಿವೆ. ಇವತ್ತು ಯಾರು ಬಂದರು, ಯಾವ ಆಟ ಆಡಿದೆವು, ಎಲ್ಲಿ ನಿಯಮ ಕೈಕೊಟ್ಟಿತು ಎಂಬಂಥ ಟಿಪ್ಪಣಿಗಳು. ಆ ಪೆಟ್ಟಿಗೆಗಳಲ್ಲಿ ಎಷ್ಟೋ ಇನ್ನೊಂದು ಕಡೆ ಸಿಗಬಹುದು. ಡೈರಿ ಇನ್ನೊಂದು ಕಡೆ ಸಿಗುವುದಿಲ್ಲ.

ಡಂಜನ್ಸ್ ಅಂಡ್ ಡ್ರ್ಯಾಗನ್ಸ್‌ಗೂ ಇಂಥ ಡೈರಿ ಉಂಟು, ಅದು ನೂರಾರು ಜನರ ಕೈಬರಹ. 1975ರಲ್ಲಿ ಲಾಸ್ ಏಂಜಲೀಸಿನ ಲೀ ಗೋಲ್ಡ್ ಎಂಬ ಮಹಿಳೆ 'ಅಲಾರಮ್ಸ್ ಅಂಡ್ ಎಕ್ಸ್‌ಕರ್ಷನ್ಸ್' ಎಂಬ ಮಾಸಿಕ ಆರಂಭಿಸಿದರು. ಅದರ ರೀತಿ ವಿಶಿಷ್ಟ: ಬರೆಯುವವರೆಲ್ಲ ತಮ್ಮ ತಮ್ಮ ಪುಟಗಳನ್ನು ತಾವೇ ಬೆರಳಚ್ಚು ಮಾಡಿ ಕಳಿಸುತ್ತಿದ್ದರು, ಎಲ್ಲವನ್ನೂ ಒಟ್ಟು ಸೇರಿಸಿ ಪಿನ್ನು ಹೊಡೆದು ಎಲ್ಲರಿಗೂ ಹಂಚುವುದು ಸಂಪಾದಕರ ಕೆಲಸ. ನಮ್ಮ ಹಳೆಯ ಕಾಲೇಜುಗಳ ಕೈಬರಹ ಪತ್ರಿಕೆಗಳ ಅಣ್ಣನೋ ತಮ್ಮನೋ ಅನ್ನಬಹುದು. ಕಳೆದ ವಾರ ನಮ್ಮ ಮೇಜಿನಲ್ಲಿ ಏನಾಯಿತು, ಯಾರ ಪಾತ್ರ ಸತ್ತಿತು, ಆ ನಿಯಮ ಸರಿಯೇ, ಪಾತ್ರದ ಮನಸ್ಸು ಬೇರೆ ಆಟಗಾರನ ಮನಸ್ಸು ಬೇರೆಯೇ, ಹೀಗೆ ಜಗಳ, ತರ್ಕ, ತಮಾಷೆ ತಿಂಗಳು ತಿಂಗಳು ನಡೆಯಿತು. ಹೆಚ್ಚುಕಡಿಮೆ ಐವತ್ತು ವರ್ಷ ನಡೆದು 2025ರಲ್ಲಿ ನಿಂತಿತು. 2012ರಲ್ಲಿ 'ಪ್ಲೇಯಿಂಗ್ ಅಟ್ ದಿ ವರ್ಲ್ಡ್' ಎಂಬ ಬೃಹತ್ ಗ್ರಂಥ ಬರೆದು ಈ ಆಟದ ಚರಿತ್ರೆಗೆ ಅಡಿಪಾಯ ಹಾಕಿದ ಜಾನ್ ಪೀಟರ್ಸನ್ ಮೊದಲು ಹುಡುಕಿದ್ದು ಇಂಥ ಕಾಗದಗಳನ್ನು. ಅವರ 2020ರ 'ದಿ ಎಲೂಸಿವ್ ಶಿಫ್ಟ್' ಅಂತೂ ಬಹುಮಟ್ಟಿಗೆ ಇಂಥ ಪತ್ರಿಕೆಗಳ ಓದಿನಿಂದಲೇ ಹುಟ್ಟಿದ್ದು. ಪ್ರಾಧ್ಯಾಪಕ ಹುದ್ದೆಯಿಲ್ಲದ, ಸ್ವತಃ ಸಂಗ್ರಹಕಾರರಾದ ಮನುಷ್ಯ ಅವರು. ಹೊಳೆಯುವ ಪೆಟ್ಟಿಗೆಯ ಪಕ್ಕದಲ್ಲಿ ಮಾಸಲು ಸೈಕ್ಲೋಸ್ಟೈಲ್ ಹಾಳೆಗೂ ಜಾಗ ಕೊಟ್ಟ ಸಂಗ್ರಹಕಾರರು.

ಎಲ್ಲವನ್ನೂ ಉಳಿಸಬೇಕು ಎಂದು ಇಷ್ಟು ಹೊತ್ತು ವಾದಿಸಿದವನು ಎಂ.ಎ.ಆರ್. ಬಾರ್ಕರ್ ಅವರ ಹೆಸರನ್ನು ದಾಟಿ ಹೋಗುವಂತಿಲ್ಲ. ಬಾರ್ಕರ್ ಅಮೆರಿಕದ ಭಾಷಾವಿಜ್ಞಾನಿ. 1951ರಲ್ಲಿ ಫುಲ್‌ಬ್ರೈಟ್ ವಿದ್ಯಾರ್ಥಿವೇತನದ ಮೇಲೆ ಭಾರತಕ್ಕೆ ಬಂದು ಇಲ್ಲಿಯೇ ಇಸ್ಲಾಂಗೆ ಮತಾಂತರವಾದವರು. ಉರ್ದು ಮತ್ತು ಬಲೂಚಿ ಕಲಿಯಲು ಅವರು ಸಹೋದ್ಯೋಗಿಗಳ ಜೊತೆ ಸೇರಿ ಬರೆದ ಪಠ್ಯಗಳನ್ನು ಉತ್ತರ ಅಮೆರಿಕದ ವಿಶ್ವವಿದ್ಯಾಲಯಗಳಲ್ಲಿ ಬಳಸುತ್ತಿದ್ದರು. ಮಿನೆಸೋಟ ವಿಶ್ವವಿದ್ಯಾಲಯದಲ್ಲಿ ದಕ್ಷಿಣ ಏಷ್ಯಾ ಅಧ್ಯಯನದ ಪ್ರಾಧ್ಯಾಪಕರು. ಬಾಲ್ಯದಿಂದಲೂ ತಾವೇ ಕಲ್ಪಿಸಿಕೊಂಡು ಬೆಳೆಸಿದ ಟೆಕುಮೆಲ್ ಎಂಬ ಲೋಕವೊಂದಿತ್ತು, ಅದಕ್ಕೆ ಭಾಷೆ, ಲಿಪಿ, ವ್ಯಾಕರಣ, ರಾಜವಂಶಗಳೆಲ್ಲ ಇದ್ದವು. ಅದನ್ನು ಆಟವಾಗಿಸಿ 'ಎಂಪೈರ್ ಆಫ್ ದಿ ಪೆಟಲ್ ಥ್ರೋನ್' ಎಂದು 1975ರಲ್ಲಿ ಟಿಎಸ್‌ಆರ್ ಪ್ರಕಟಿಸಿತು. ಆಟಗಳಲ್ಲಿ ಯುರೋಪಿನ ಕೋಟೆ ಕೊತ್ತಲಗಳೇ ತುಂಬಿದ್ದಾಗ ಏಷ್ಯಾ, ಮಧ್ಯ ಅಮೆರಿಕಗಳ ನೆನಪು ತರುವ ಲೋಕವದು. ಡೇವ್ ಆರ್ನೆಸನ್ ಕೂಡ ಅವರ ಮೇಜಿನಲ್ಲಿ ಕುಳಿತು ಆಡಿದ್ದರು. ಆ ಪೆಟ್ಟಿಗೆ ಇಂದು ಸಂಗ್ರಹಕಾರರ ಕಣ್ಮಣಿ. ದಕ್ಷಿಣ ಏಷ್ಯಾವನ್ನು ಬಲ್ಲ ಒಬ್ಬರು ಈ ಆಟದ ಆರಂಭದಲ್ಲೇ ಇದ್ದರಲ್ಲ ಎಂದು ನಾನೂ ಹಿಗ್ಗಿದ್ದೆ.

ಬಾರ್ಕರ್ 2012ರಲ್ಲಿ ತೀರಿಕೊಂಡರು. ಅವರ ಕೃತಿಗಳನ್ನು ನೋಡಿಕೊಳ್ಳುವ ಟೆಕುಮೆಲ್ ಫೌಂಡೇಶನ್ 2022ರಲ್ಲಿ ಒಂದು ಹೇಳಿಕೆ ಕೊಟ್ಟಿತು. 1991ರಲ್ಲಿ ಗುಪ್ತನಾಮದಲ್ಲಿ ಬಂದ 'ಸರ್ಪೆಂಟ್ಸ್ ವಾಕ್' ಎಂಬ ಯಹೂದಿ ದ್ವೇಷದ, ನಾತ್ಸಿ ಪರವಾದ ಕಾದಂಬರಿಯನ್ನು ಬರೆದವರು ಬಾರ್ಕರ್ ಎಂದು ಅದು ದೃಢಪಡಿಸಿತು. ಯಹೂದಿಗಳ ಹತ್ಯಾಕಾಂಡ ನಡೆಯಲೇ ಇಲ್ಲವೆಂದು ವಾದಿಸುವ ಪತ್ರಿಕೆಯೊಂದರ ಸಂಪಾದಕ ಮಂಡಳಿಯಲ್ಲೂ ಅವರ ಹೆಸರಿತ್ತು.

ಕೆಲವರು ಪೆಟ್ಟಿಗೆಯನ್ನು ಮಾರಿಬಿಟ್ಟರು. ಕೆಲವರು ಲೋಕ ಬೇರೆ, ಬರೆದವರು ಬೇರೆ ಎಂದು ಇಟ್ಟುಕೊಂಡರು. ಇವೆರಡರಲ್ಲಿ ಯಾವುದು ಸರಿ ಎಂಬ ಜಗಳಕ್ಕಿಂತ ನನಗೆ ಮುಖ್ಯ ಅನಿಸುವುದು ಇನ್ನೊಂದು ಪ್ರಶ್ನೆ. ಬಾರ್ಕರ್ ಸಂಗ್ರಹ ಎಂದು ಯಾರಾದರೂ ಕೂಡಿಟ್ಟರೆ ಅದರಲ್ಲಿ 1991ರ ಆ ಪುಸ್ತಕ ಇರಬೇಕೇ? ಅಭಿಮಾನಿಗೆ ಬೇಡ. ಹರಾಜಿನವರಿಗೆ ಬೇಡ. ಪೆಟ್ಟಿಗೆಯನ್ನಷ್ಟೇ ಹೊಳಪಾಗಿ ಉಳಿಸಿದರೆ ಇನ್ನು ಐವತ್ತು ವರ್ಷಕ್ಕೆ ಅದನ್ನು ತೆರೆಯುವವರಿಗೆ ಅರ್ಧ ಸತ್ಯವಷ್ಟೇ ಸಿಗುತ್ತದೆ. ಇರಬೇಕು ಎಂದೇ ನನ್ನ ಅಭಿಪ್ರಾಯ. ಅದೇ ಕಪಾಟಿನಲ್ಲಿ, ಅದೇ ಹೆಸರಿನ ಕೆಳಗೆ.

ಅದೇ ಕಪಾಟಿನಲ್ಲಿ ಇನ್ನೂ ಕೆಲವು ಪುಸ್ತಕ ಬೇಕಾಗುತ್ತದೆ. ಬಾರ್ಕರ್ ಯುವಕರಾಗಿದ್ದಾಗ, 1950ರ ದಶಕದಲ್ಲಿ, ಆರೆಗಾನ್ ರಾಜ್ಯದ ಕ್ಲಾಮತ್ ಎಂಬ ಮೂಲನಿವಾಸಿ ಜನರ ನಡುವೆ ಕುಳಿತು ಅವರ ಭಾಷೆಯ ಕಥೆಗಳನ್ನು ಬರೆದುಕೊಂಡಿದ್ದರು. ಹೇಳುವವರು ಆಗಲೇ ಬೆರಳೆಣಿಕೆಯಷ್ಟು. ಕಥೆಗಳೂ ನಿಘಂಟೂ 1963ರಲ್ಲಿ, ವ್ಯಾಕರಣ 1964ರಲ್ಲಿ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದಿಂದ ಅಚ್ಚಾದವು. ಆ ಭಾಷೆಯನ್ನು ಹುಟ್ಟಿನಿಂದ ನಿರರ್ಗಳವಾಗಿ ಆಡುತ್ತಿದ್ದ ಕೊನೆಯವರು 2003ರಲ್ಲಿ ತೀರಿಕೊಂಡರು. ಈಗ ಕ್ಲಾಮತ್ ಮಕ್ಕಳಿಗೆ ತಮ್ಮ ಅಜ್ಜಿಯರ ಮಾತು ಬೇಕೆಂದರೆ ತೆರೆಯಬೇಕಾದ ಪುಸ್ತಕಗಳಲ್ಲಿ ಈ ಮೂರೂ ಇವೆ.